ಕಮಲಾಕ್ಷಿ ಸಾಕಿದ ರೋಗ

ಜನ ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ, ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯವರು ಆಮೆ ಸಾಕಿದ್ದಾರೆ. ನನ್ನ ಹೆಂಡತಿ ಕಮಲಾಕ್ಷಿ ರೋಗ ಸಾಕಿದಳು. ಒಂದೆರಡು ವರ್ಷ ಅಲ್ಲ, ನೌಕರಿಗೆ ಸೇರಿದಾಗಿನಿಂದ ನಿವೃತ್ತಿಯ ಅಂಚಿನ ತನಕ. ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಹೀಗೇ ಹೇಳುತ್ತೇನೆ, ಅವಳಿಗೆ ಸಿಟ್ಟು ಬರುತ್ತದೆ. ಬರಲಿ. ಅವಳ ಕೆಲಸದಿಂದ ನನ್ನ ತಲೆ ಕೆಟ್ಟಿರುವುದಕ್ಕೆ ಅದು ಎಲ್ಲಿ ಸಾಟಿ?

ನಾನು ರಾಮದಾಸ. ಮೂಲ ಕಲಬುರಗಿ ಕಡೆ, ಬೆಳೆದದ್ದು ದುಡಿದದ್ದು ಎಲ್ಲ ಹೈದರಾಬಾದು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಕೆಟ್ಟ ಭಾಗ ಕಂಡರೆ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುತ್ತಿದ್ದೆವು. ಕೆಟ್ಟದ್ದಕ್ಕೆ ನೀರು ಗೊಬ್ಬರ ಹಾಕಿ ಜೋಪಾನ ಮಾಡುವ ಇಲಾಖೆಯೂ ಒಂದಿದೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ನಮ್ಮ ಬೀಗರ ಹಾಗೆ ಎಲ್ಲ ಕೇಳಿಸಿಕೊಂಡು ಕೊನೆಗೆ ಅವರು ಔಷಧಿ ಹೊಡೆಯುವ ಕಂಪನಿಯಲ್ಲಿದ್ದಾರಾ ಎನ್ನುತ್ತೀರಿ. ತೊಗರಿಗೆ ಗೊಡ್ಡು ರೋಗ ಅಂತ ಒಂದು ಬರುತ್ತದೆ. ವೈರಸ್ಸಿನ ಕಾಟ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ಹೋಗುತ್ತದೆ. ರೋಗ ಹತ್ತಿದ ಗಿಡ ಸಾಯುವುದಿಲ್ಲ, ಅದೇ ದೊಡ್ಡ ಪೀಡೆ. ಎಲೆ ಸಣ್ಣದಾಗಿ, ತಿಳಿಹಳದಿ ಮಚ್ಚೆ ಬಿದ್ದು, ಗಿಡ ಪೊದೆಯಂತೆ ದಟ್ಟವಾಗಿ ಬೆಳೆಯುತ್ತಲೇ ಇರುತ್ತದೆ. ಹೂವಿಲ್ಲ, ಕಾಯಿಲ್ಲ. ಅಕ್ಕಪಕ್ಕದ ಗಿಡ ಒಣಗಿ ರಾಶಿಗೆ ಬಂದಾಗಲೂ ಇದು ಹಸಿರು ಹಸಿರಾಗಿ ನಿಂತಿರುತ್ತದೆ. ಹತ್ತಿದ ರೋಗಕ್ಕೆ ಮದ್ದಿಲ್ಲ. ನುಸಿಗೆ ಹೊಡೆಯುವ ಔಷಧಿ ಸರಿಯಾದ ಹೊತ್ತಿಗೆ ಬಿದ್ದರೆ ಒಂದಿಷ್ಟು ತಡೆಯುತ್ತದೆ, ಅಷ್ಟೇ. ನೆಟ್ಟಗಿನ ಉಪಾಯ ಒಂದೇ, ರೋಗವನ್ನು ತಾಳಿಕೊಳ್ಳುವ ಗುಣವನ್ನು ಹುಟ್ಟಿನಲ್ಲೇ ಪಡೆದ ತಳಿ ಮಾಡುವುದು.

ಕಮಲಾಕ್ಷಿ ಮಾಡುತ್ತಿದ್ದುದು ಅದನ್ನೇ. ಧಾರವಾಡದಲ್ಲಿ ಗೋಧಿಯ ಮೇಲೆ ಓದಿದವಳು. ಶಂಶಾಬಾದಿನ ಆಚೆಯ ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಗೋಧಿಯ ಕೆಲಸ ಕೇಳಿದಳು, ಅವರು ತೊಗರಿ ಕೊಟ್ಟರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ, ವಿಧಾನ ಎಲ್ಲ ಒಂದೇ ಎಂದಳು. ಗಟ್ಟಿ ಗಿಡದ ಪರಾಗವನ್ನು ಒಳ್ಳೆಯ ಬೇಳೆ ಕೊಡುವ ಗಿಡಕ್ಕೆ ಮುಟ್ಟಿಸಬೇಕು. ಹುಟ್ಟಿದ್ದನ್ನೆಲ್ಲ ರೋಗದ ಮಧ್ಯೆ ಬೆಳೆಸಬೇಕು. ಬಿದ್ದದ್ದನ್ನು ಬಿಡಬೇಕು, ನಿಂತದ್ದರ ಬೀಜ ಮತ್ತೆ ಬಿತ್ತಬೇಕು, ಮತ್ತೆ ರೋಗದ ಮಧ್ಯೆಯೇ. ರೋಗವೇ ಇಲ್ಲದ ಹೊಲದಲ್ಲಿ ಎಲ್ಲ ತೊಗರಿಯೂ ಶೂರ, ಯಾವುದು ನಿಜವಾಗಿ ಗಟ್ಟಿ ಎಂದು ತಿಳಿಯುವುದಿಲ್ಲ. ಈ ವೈರಸ್ಸು ಬೀಜದಲ್ಲಿ ಕೂರುವುದಿಲ್ಲ, ಫ್ರಿಜ್ಜಿನಲ್ಲಿ ಬಾಟಲಿ ಹಾಕಿ ಇಡೋಣವೆಂದರೆ ಅದೂ ಆಗುವುದಿಲ್ಲ. ಜೀವಂತ ಗಿಡದಲ್ಲೇ ಬದುಕಬೇಕು. ಹಾಗಾಗಿ ಅವಳು ಕೇಂದ್ರದ ಕಾಂಪೌಂಡಿನ ಗುಂಟ ಒಂದು ಸಾಲು ಗೊಡ್ಡು ತೊಗರಿಯನ್ನು ವರ್ಷವಿಡೀ ಬದುಕಿಸಿಕೊಂಡು ಬಂದಳು. ಬೇಸಿಗೆಯಲ್ಲಿ ಮಿಯಾಪುರದ ನಮ್ಮ ಮನೆಗೆ ಟ್ಯಾಂಕರ್ ಬಾರದ ದಿನವೂ ಅವಕ್ಕೆ ನೀರು ತಪ್ಪಿದ್ದಿಲ್ಲ. ನಮ್ಮ ಮಗಳು ವರ್ಷಾಗೆ ಜ್ವರ ಬಂದಾಗ ನಾನು ರಜೆ ಹಾಕುತ್ತಿದ್ದೆ, ಇವಳು ಗಿಡ ನೋಡಲು ಹೋಗುತ್ತಿದ್ದಳು. ಜ್ವರ ಇಳಿಯುತ್ತದೆ, ಗಿಡ ಒಣಗಿದರೆ ಮುಗೀತು ಎನ್ನುವುದು ಅವಳ ವಾದ.

ಹೀಗೆ ಬಿದ್ದು ಎದ್ದು ಕೊನೆಗೆ ಉಳಿದದ್ದು ಒಂದು ತಳಿ. ಅದಕ್ಕೊಂದು ಉದ್ದನೆಯ ಅಧಿಕೃತ ಸಂಖ್ಯೆ ಇತ್ತು, ಮನೆಯಲ್ಲಿ ನಾವು 'ಹದಿನೇಳು' ಎನ್ನುತ್ತಿದ್ದೆವು, ಮೊದಲು ಅದು ನಿಂತದ್ದು ಹದಿನೇಳನೇ ಸಾಲಿನಲ್ಲಿ. ವರ್ಷದಿಂದ ವರ್ಷಕ್ಕೆ ಅದು ರೋಗದ ನಡುವೆ ಹೂವು ಬಿಟ್ಟಿತು. ಇನ್ನು ಒಂದೇ ಒಂದು ಮುಂಗಾರು ರೋಗದ ಪಕ್ಕದಲ್ಲಿ ನಿಂತು ತೋರಿಸಿಬಿಟ್ಟರೆ ಹೊಸ ತಳಿಗಳಿಗೆ ಒಪ್ಪಿಗೆ ಕೊಡುವ ಸಮಿತಿ ಅದನ್ನು ಪಾಸು ಮಾಡುತ್ತದೆ, ಬೀಜ ರೈತರಿಗೆ ಹೋಗುತ್ತದೆ. ಕಮಲಾಕ್ಷಿಗೆ ಉಳಿದಿದ್ದದ್ದೂ ಅದೊಂದೇ ಮುಂಗಾರು. ಮುಂದಿನ ಮಾರ್ಚಿಗೆ ನಿವೃತ್ತಿ, ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ಈ ವರ್ಷ ತಪ್ಪಿತೋ, ಹದಿನೇಳು ಪೊಟ್ಟಣದಲ್ಲಿ ಕೂತು ತಣ್ಣನೆಯ ಕೋಣೆ ಸೇರಬೇಕು, ಅದನ್ನು ಕೇಳುವವರು ಯಾರೂ ಇರುವುದಿಲ್ಲ.

ಮೇ ತಿಂಗಳಲ್ಲಿ ವಿಮಾನ ನಿಲ್ದಾಣದ ಕಡೆಯ ರಸ್ತೆ ಅಗಲ ಮಾಡಲು ಬಂದರು. ಕಾಂಪೌಂಡಿನ ಒಳಗಿನ ಒಂದು ಪಟ್ಟಿ ಜಾಗ ಕೇಳಿದ್ದರಂತೆ, ಕೇಂದ್ರದವರು ಕೊಟ್ಟಿದ್ದರಂತೆ, ಅದನ್ನು ಕಮಲಾಕ್ಷಿಗೆ ತಿಳಿಸುವುದೊಂದನ್ನು ಎಲ್ಲರೂ ಸೇರಿ ಮರೆತಿದ್ದರು. ಅವಳು ಬೆಳಿಗ್ಗೆ ಹೋಗಿ ನೋಡಿದರೆ ಜೆಸಿಬಿ ತನ್ನ ಕೆಲಸ ಮುಗಿಸಿ ನೆರಳಿನಲ್ಲಿ ನಿಂತಿತ್ತು. ರೋಗದ ಸಾಲೂ ಇಲ್ಲ, ಈ ವರ್ಷದ ಪರೀಕ್ಷೆಗೆ ಹದ ಮಾಡಿಟ್ಟಿದ್ದ ಮಡಿಗಳೂ ಇಲ್ಲ. ಕೇಂದ್ರದ ಮುಖ್ಯಸ್ಥ ವಿಶ್ವಜಿತ್, ನಮ್ಮ ವರ್ಷಾಳ ವಯಸ್ಸಿನ ಹುಡುಗ, ಇವಳನ್ನು ಸಮಾಧಾನ ಮಾಡಲು ಬಂದ. ಮೇಡಂ, ಹೋದದ್ದು ರೋಗ ತಾನೇ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತಲ್ಲ ಎಂದ. ಕೃಷಿ ಸಂಶೋಧನಾ ಕೇಂದ್ರದ ಮುಖ್ಯಸ್ಥ! ಇದನ್ನು ಇವಳು ಮನೆಗೆ ಬಂದು ಹೇಳಿದಾಗ ನಾನು ಚಹಾದ ಕಪ್ಪು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅದರ ಹಿಡಿ ಮುರಿಯಿತು.

ಎರಡು ದಿನ ಬಿಟ್ಟು ಅವಳು ಸಮಿತಿಯ ಅಧ್ಯಕ್ಷ ಡಾ. ಶಿವಪ್ರಕಾಶರಿಗೆ ಫೋನ್ ಮಾಡಿದಳು. ರಾಯಚೂರು ಕಡೆಯವರು, ಮಾತು ಬೆಣ್ಣೆ, ನಿಯಮ ಕಬ್ಬಿಣ. ರೈತರ ಹೊಲದಲ್ಲಿ ಪರೀಕ್ಷೆ ಮಾಡಿದರೂ ನಡೆಯುತ್ತದೆ ಎಂದರು. ಒಂದೇ ಷರತ್ತು, ಡಿಸೆಂಬರಿನಲ್ಲಿ ಸಮಿತಿ ಬಂದಾಗ ಆ ಊರಿನ ತೊಗರಿ ರೋಗ ಹತ್ತಿ ನಿಂತಿರಬೇಕು, ಅದರ ಮಗ್ಗುಲಲ್ಲೇ ಹದಿನೇಳು ಚೆನ್ನಾಗಿರಬೇಕು. ಎರಡನ್ನೂ ಅವರೇ ಖುದ್ದಾಗಿ ನೋಡಬೇಕು.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಹದಿನೇಳರ ಬೀಜವನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಅಪಾರ್ಟ್‌ಮೆಂಟಿನ ಟೆರೇಸಿನ ಮೇಲೆ ಸಾಲಾಗಿ ಇಟ್ಟಳು, ಸಸಿಯಾದ ಮೇಲೆ ಎಲ್ಲಿ ರೋಗ ಸಿಗುತ್ತದೋ ಅಲ್ಲಿಗೆ ಒಯ್ದು ನೆಡುವುದೆಂದು. ಸೊಸೈಟಿಯ ಸೆಕ್ರೆಟರಿ ಬಂದು ಟೆರೇಸು ಎಲ್ಲರದು ಎಂದು ತೆಲುಗಿನಲ್ಲಿ ಭಾಷಣ ಮಾಡಿದ, ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ, ಇಬ್ಬರಿಗೂ ಸಮಾಧಾನವಾಗಲಿಲ್ಲ. ಅದಕ್ಕಿಂತ ಪಾರಿವಾಳಗಳ ಕಾಟ ಹೆಚ್ಚು. ದೇಶದ ಗಡಿ ಕಾಯುವ ಸಾಮಾನು ತಪಾಸಣೆ ಮಾಡಿದ ಮನುಷ್ಯ ನಾನು, ಕೈಯಲ್ಲಿ ಹಳೆಯ ಟವೆಲ್ಲು ಹಿಡಿದು ತೊಗರಿ ಮೊಳಕೆ ಕಾಯುತ್ತಾ ಕೂತೆ.

ಸಸಿ ಬರುವುದರೊಳಗೆ ರೋಗ ಹುಡುಕಬೇಕಿತ್ತು. ರಜೆ ಸಿಕ್ಕಾಗಲೆಲ್ಲ ಕಾರು ತೆಗೆಯುವುದು, ಹೊರವರ್ತುಲ ರಸ್ತೆ ದಾಟುವುದು, ತೊಗರಿ ಬೆಳೆಯುವ ಊರುಗಳಲ್ಲಿ ಇಳಿದು ಇಳಿದು ಕೇಳುವುದು. ನಿಮ್ಮ ಹೊಲದಲ್ಲಿ ಗೊಡ್ಡು ರೋಗ ಇದೆಯಾ ಎಂದು ಕೇಳುವುದೆಂದರೆ ಏನೆಂದುಕೊಂಡಿದ್ದೀರಿ? ಹೆಣ್ಣು ನೋಡಲು ಹೋದ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ನಿಮ್ಮ ವಂಶದಲ್ಲಿ ಕಾಯಿಲೆ ಕಸಾಲೆ ಇದೆಯೇ ಎಂದು ಕೇಳಿದ ಹಾಗೆ. ಇದ್ದವರೂ ಇಲ್ಲ ಎನ್ನುತ್ತಿದ್ದರು. ಒಬ್ಬ ಮುದುಕ ನಮ್ಮನ್ನು ಔಷಧಿ ಕಂಪನಿಯವರೆಂದು ತಿಳಿದು ಹೋದ ವರ್ಷದ ಡಬ್ಬಿ ತಂದು ಮುಖಕ್ಕೆ ಹಿಡಿದ. ಉಳಿದವರೆಲ್ಲ ಪ್ಲಾಟು ನೋಡಲು ಬಂದ ದಲ್ಲಾಳಿಗಳೆಂದೇ ನಂಬಿದ್ದರು. ಹೈದರಾಬಾದಿನ ಸುತ್ತ ಕಾರಿನಿಂದ ಇಳಿದು ಹೊಲವನ್ನು ದಿಟ್ಟಿಸಿ ನೋಡುವವನು ಬೇರೆ ಏನು ಆಗಿರಲು ಸಾಧ್ಯ? ಇವಳು ಮಾತ್ರ ಬಿಡಲಿಲ್ಲ. ಬದುವಿನ ಮೇಲಿನ ಒಂದೊಂದು ಗಿಡದ ಎಲೆ ತಿರುಗಿಸಿ ನೋಡಿ, ಛೆ, ಇದು ಆರೋಗ್ಯವಾಗಿದೆ ಎಂದು ಮುಖ ಸಣ್ಣದು ಮಾಡಿಕೊಂಡು ಕಾರು ಹತ್ತುತ್ತಿದ್ದಳು.

ಕೊನೆಗೆ ತಾಂಡೂರಿನ ಆಚೆ, ಕರ್ನಾಟಕದ ಗಡಿಗೆ ತಾಗಿದ ಹಳ್ಳಿಯೊಂದರ ಚಹಾದಂಗಡಿಯವನು ದಾರಿ ತೋರಿಸಿದ. ಗೊಡ್ಡು ಬೇಕಾ, ಸುಗಲಮ್ಮನ ಹೊಲಕ್ಕೆ ಹೋಗಿ, ಅಲ್ಲಿ ಬೇರೇನೂ ಬೆಳೆಯುವುದಿಲ್ಲ ಎಂದು ನಕ್ಕ. ಸುಗಲಮ್ಮ ನಲವತ್ತರ ಆಸುಪಾಸಿನ ಹೆಂಗಸು. ಗಂಡ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾನೆ, ಹೊಲ ಇವಳದೇ ಜವಾಬ್ದಾರಿ, ಜೊತೆಗೆ ಅತ್ತೆ, ಅತ್ತೆಯ ಆಡುಗಳು. ಬಾವಿಯ ಕಾಲುವೆಯ ಗುಂಟ ಹೋದ ವರ್ಷದ ತೊಗರಿಯ ಬುಡಗಳು ಚಿಗುರಿ ಪೊದೆಯಾಗಿ ನಿಂತಿದ್ದವು. ಈ ವರ್ಷ ಬಿತ್ತಿದ್ದರಲ್ಲೂ ಆ ಕಡೆಯ ಸಾಲುಗಳಿಗೆ ಆಗಲೇ ಹಳದಿ ಮಚ್ಚೆ ಬಿದ್ದಿತ್ತು. ಕಮಲಾಕ್ಷಿ ಒಂದು ಎಲೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು, ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟಳು. "ರೀ, ಸಿಕ್ತು ನೋಡ್ರಿ, ಎಷ್ಟ್ ಛಂದ ಐತಿ" ಎಂದು ನನ್ನ ಕೈ ಹಿಡಿದು ಜಗ್ಗಿದಳು.

ಸುಗಲಮ್ಮ ಕಳೆ ತೆಗೆಯುತ್ತಿದ್ದವಳು ಕುಡುಗೋಲು ಹಿಡಿದುಕೊಂಡೇ ಎದ್ದು ಬಂದಳು. "ಯಾರ್ರಿ ನೀವು? ನನ್ನ ಬೆಳಿ ಹಾಳಾಗಿದ್ದು ನೋಡಿ ನಗಾಕ ಬಂದೀರಿ?" ಎಂದಳು. ಧ್ವನಿ ಏರಿಸಲಿಲ್ಲ, ಆದರೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕಮಲಾಕ್ಷಿ ನನ್ನ ಕೈ ಬಿಟ್ಟಳು. ಅಷ್ಟು ವರ್ಷ ರೋಗವನ್ನು ಕಾಂಪೌಂಡಿನೊಳಗೆ ಸಾಕಿದ್ದವಳು, ಅದು ಬಿದ್ದ ಹೊಲಕ್ಕೆ ಒಡತಿ ಇರುತ್ತಾಳೆ ಎಂಬುದನ್ನೇ ಮರೆತಿದ್ದಳು.

ಅಲ್ಲೇ ಬದುವಿನ ಮೇಲೆ ಕೂತು ಎಲ್ಲ ಹೇಳಿದಳು. ಇವಳಿಗೆ ಬೇಕಾದದ್ದು ಗಿಡಗಳು ಹೀಗೇ ನಿಲ್ಲುವುದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವು ತಾವಾಗಿಯೇ ನಿಲ್ಲುತ್ತವೆ, ರೋಗ ಇನ್ನಷ್ಟು ಹರಡುತ್ತದೆ, ಇವಳ ಪರೀಕ್ಷೆ ಸಲೀಸಾಗಿ ಆಗುತ್ತದೆ. ಆದರೆ ಇವಳು ಏನು ಹೇಳಿದಳು ಗೊತ್ತೇ? ಹಳೆಯ ಬುಡಗಳನ್ನು ಮೊದಲು ಕಿತ್ತು ಸುಡು, ಮಚ್ಚೆ ಬಿದ್ದ ಸಸಿಗಳನ್ನೂ ಕೀಳು, ಇಲ್ಲದಿದ್ದರೆ ಹೊಲವೆಲ್ಲ ಹೋಗುತ್ತದೆ ಎಂದಳು. ವಾರಗಟ್ಟಲೆ ಪೆಟ್ರೋಲು ಸುಟ್ಟು ಹುಡುಕಿದ ರೋಗವನ್ನು ಸಿಕ್ಕ ಅರ್ಧ ಗಂಟೆಯಲ್ಲಿ ಕೀಳಲು ಹೇಳುವ ಹೆಂಗಸಿನ ಜೊತೆ ನಾನು ಸಂಸಾರ ಮಾಡಿದ್ದೇನೆ. ಹಲ್ಲು ಕಚ್ಚಿ ಆಕಾಶ ನೋಡಿದೆ.

ಎಲ್ಲ ಕೇಳಿಸಿಕೊಂಡ ಸುಗಲಮ್ಮ, ನಿಮ್ಮ ತಳಿ ಈ ರೋಗಕ್ಕೆ ನಿಲ್ಲುತ್ತದೆಯೇ ಎಂದು ಕೇಳಿದಳು. ನಿಲ್ಲುತ್ತದೆ ಅಂತ ಅನ್ನಿಸುತ್ತದೆ ಎಂದಳು ನನ್ನ ಹೆಂಡತಿ. "ಅನ್ನಸ್ತೈತೋ, ನಿಲ್ಲತೈತೋ? ಅಕ್ಕಾವ್ರ, ನನಗ ಒಂದ ಮಾತ್ ಹೇಳ್ರಿ."

"ಅದನ್ನ ನೋಡಾಕ ನನಗ ಈ ರೋಗ ಬೇಕಾಗೇತಿ" ಎಂದಳು ಕಮಲಾಕ್ಷಿ.

ಆಮೇಲೆ ಸುಗಲಮ್ಮನೇ ಒಪ್ಪಂದ ಮಾಡಿದಳು. ಮೇಲಿನ ಹೊಲದಲ್ಲಿ ರೋಗದ್ದೆಲ್ಲ ಕೀಳುತ್ತೇನೆ. ಕಾಲುವೆಯ ಕಡೆಯ ಈ ತುಂಡು ಹೇಗಿದ್ದರೂ ಹೋದ ಹಾಗೆಯೇ, ಇಲ್ಲಿನ ಸಾಲುಗಳನ್ನು ಹಾಗೇ ಬಿಡುತ್ತೇನೆ, ನಡುನಡುವೆ ನಿಮ್ಮದನ್ನು ನೆಡಿ. ನಿಂತರೆ ಬೆಳೆ ನನ್ನದು, ಬಿತ್ತನೆಗೆ ಬೇಕಾದ ಬೀಜ ನಿಮ್ಮದು. ಬಿದ್ದರೆ ಹೇಗೂ ಬೀಳುವುದೇ ಇತ್ತು. ಇಷ್ಟು ಸೀದಾ ಮಾತನ್ನು ನಾನು ಕೇಂದ್ರದ ಯಾವ ಸಭೆಯ ಸುದ್ದಿಯಲ್ಲೂ ಕೇಳಿರಲಿಲ್ಲ.

ಟೆರೇಸಿನ ಸಸಿಗಳನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ನೆಟ್ಟೆವು. ನಂತರದ ಕೆಲಸ ಕೇಳಿದರೆ ನಗುತ್ತೀರಿ. ರೋಗದ ಎಲೆಯನ್ನು ಕಿತ್ತು, ಮಡಚಿ, ಎಳೆಯ ಸಸಿಯ ಎಲೆಗೆ ಹೊದಿಸಿ ಸ್ಟೇಪ್ಲರಿನಿಂದ ಪಿನ್ನು ಹೊಡೆಯಬೇಕು. ಆಫೀಸಿನಲ್ಲಿ ಕಾಗದಕ್ಕೆ ಹೊಡೆಯುತ್ತೇವಲ್ಲ, ಅದೇ ಸ್ಟೇಪ್ಲರು. ರೋಗದ ಎಲೆ ಬಾಡುತ್ತಿದ್ದಂತೆ ನುಸಿಗಳು ಹಸಿ ಎಲೆಗೆ ದಾಟುತ್ತವೆ, ಜೊತೆಗೆ ವೈರಸ್ಸೂ. ತಾನು ಹೆತ್ತ ತಳಿಗೆ ತಾನೇ ರೋಗ ಅಂಟಿಸುವುದು. ಬಿಸಿಲಲ್ಲಿ ಬಗ್ಗಿ ಬಗ್ಗಿ ಪಿನ್ನು ಹೊಡೆದು ನನ್ನ ಸೊಂಟ ಹಿಡಿದುಕೊಂಡಿತು. ಬದುವಿನ ಮೇಲೆ ನಿಂತಿದ್ದ ಊರಿನ ಜನ, ಹೈದರಾಬಾದಿನಿಂದ ಬಂದ ಮುದುಕ ಗಿಡಗಳಿಗೆ ಪಿನ್ನು ಹೊಡೆಯುತ್ತಿದ್ದಾನೆ ಎಂದು ಮಾತಾಡಿಕೊಂಡರು. ನಾನು ಕೇಳಿಸದವನ ಹಾಗೆ ಇದ್ದೆ.

ಆಮೇಲೆ ಡಿಸೆಂಬರಿನ ತನಕ ಹದಿನೈದು ದಿನಕ್ಕೊಮ್ಮೆ ಹೋಗಿಬಂದೆವು. ಸುಗಲಮ್ಮನ ಊರಿನವರು ಅವಳನ್ನು ಆಡಿಕೊಂಡು ನಕ್ಕರು, ಪಟ್ಟಣದವರ ಮಾತು ಕೇಳಿ ಹೊಲದಲ್ಲಿ ರೋಗ ಇಟ್ಟುಕೊಂಡಿದ್ದಾಳೆ ಎಂದರು. ಅತ್ತೆ ದಿನಾ ಜಗಳ ತೆಗೆದಳು. ಸುಗಲಮ್ಮ ಜಗ್ಗಲಿಲ್ಲ, ಕಳೆ ತೆಗೆದಳು, ನೀರು ಬಿಟ್ಟಳು, ಗೊಡ್ಡು ಸಾಲುಗಳಿಗೂ ಬಿಟ್ಟಳು. ಊರ ತೊಗರಿ ಮಚ್ಚೆ ಬಿದ್ದು ಪೊದೆಯಾಯಿತು. ಅದರ ಮಗ್ಗುಲಲ್ಲೇ ಹದಿನೇಳು ನೆಟ್ಟಗೆ ಬೆಳೆದು, ದೀಪಾವಳಿ ದಾಟುತ್ತಿದ್ದಂತೆ ಮೈತುಂಬ ಹಳದಿ ಹೂವು ಬಿಟ್ಟಿತು, ಆಮೇಲೆ ಕಾಯಿ ಕಟ್ಟಿತು. ಕಮಲಾಕ್ಷಿ ಒಂದು ಸಲವೂ ಅದು ನಿಂತಿತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಸಮಿತಿ ನೋಡಲಿ ಎನ್ನುತ್ತಿದ್ದಳು. ನಾನು ಮಾತ್ರ ಮನಸ್ಸಿನಲ್ಲೇ ಪಾಸು ಮಾಡಿ ಮುಗಿಸಿದ್ದೆ. ಜೀವಮಾನವಿಡೀ ತಪಾಸಣೆ ಮಾಡಿದವನ ಕಣ್ಣು ಅಷ್ಟೇನೂ ಸುಳ್ಳಾಗುವುದಿಲ್ಲ.

ಸಮಿತಿ ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಕಮಲಾಕ್ಷಿ ಫೋನ್ ಮಾಡಿ, ನಾಳೆ ದೊಡ್ಡ ಸಾಹೇಬರು ಹೊಲ ನೋಡಲು ಬರುತ್ತಾರೆ ಎಂದು ಸುಗಲಮ್ಮನಿಗೆ ತಿಳಿಸಿದಳು. ಬೆಳಿಗ್ಗೆ ಬೇಗ ಹೊರಟೆವು. ಮುಂದೆ ನಮ್ಮ ಕಾರು, ಹಿಂದೆ ಸಮಿತಿಯವರ ಜೀಪು. ದಾರಿಯಲ್ಲಿ ಇವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು, ನಾನು ಏನಾದರೂ ಹೇಳಿದರೆ ಹೂಂ ಎನ್ನುತ್ತಿದ್ದಳು, ಏನು ಹೇಳಿದೆ ಎಂದು ಕೇಳಿಸಿಕೊಳ್ಳುತ್ತಿರಲಿಲ್ಲ.

ಹೊಲದ ಬಾಯಿಯಲ್ಲಿ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಸುಗಲಮ್ಮ ಹೊಸ ಸೀರೆ ಉಟ್ಟು, ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಅವಳ ಹಿಂದೆ ಹದಿನೇಳು, ಸಾಲು ಸಾಲಾಗಿ, ಕಾಯಿ ತುಂಬಿಕೊಂಡು. ಸಾಲುಗಳ ಮಧ್ಯೆ ನೆಲ ಗುಡಿಸಿದಷ್ಟು ಚೊಕ್ಕ. ಒಂದು ಗೊಡ್ಡು ಗಿಡವೂ ಇರಲಿಲ್ಲ.

ಕಮಲಾಕ್ಷಿ ನಿಂತಲ್ಲೇ ನಿಂತಳು. ಗಿಡಗಳೆಲ್ಲಿ ಎಂದು ಕೇಳಿದವನು ನಾನು. ಸುಗಲಮ್ಮ ನಗುತ್ತಲೇ ಹೇಳಿದಳು, "ಮುಂಜಾನೆ ಎದ್ದು ಎಲ್ಲಾ ಕಿತ್ತೀನ್ರಿ ಸಾಹೇಬ್ರ. ರೋಗದ ಕೆಲಸಾ ಮುಗೀತಲ್ಲ, ಅಕ್ಕಾವ್ರ ತೊಗರಿ ಗೆದ್ದೈತಿ. ದೊಡ್ಡಾವ್ರು ಬರೋ ಹೊತ್ತಿಗೆ ಗೊಡ್ಡು ಗಿಡಾ ತೋರ್ಸಿ ಅಕ್ಕಾವ್ರ ಮಾನ ಕಳೀಲೇನು?" ಕಿತ್ತದ್ದನ್ನು ಎಲ್ಲಿ ಹಾಕಿದೆ ಎಂದೆ. ಅತ್ತೆ ಆಡಿಗೆ ಹಾಕಿದ್ದಳು. ಬೇವಿನ ಮರದ ಕೆಳಗೆ ಆಡುಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು, ಬುಡದಲ್ಲಿ ಬರೀ ಕಡ್ಡಿ.

ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ. ಯಾರ ಮೇಲೆ ಎಂದೂ ಗೊತ್ತಾಗಲಿಲ್ಲ. ಮನೆಗೆ ದೊಡ್ಡವರು ಬರುತ್ತಾರೆಂದರೆ ಮಾಸಿದ್ದನ್ನು ಒಳಗೆ ಎಳೆದುಕೊಳ್ಳುವುದು ನಮ್ಮೆಲ್ಲರ ಮನೆಯ ರೂಢಿ, ನನ್ನ ಹೆಂಡತಿಯೂ ನೆಂಟರು ಬಂದಾಗ ಒಗೆಯುವ ಬಟ್ಟೆಯನ್ನು ಮಂಚದ ಕೆಳಗೆ ನೂಕಿದವಳೇ. ಗೊಡ್ಡು ಸಾಲನ್ನೇ ನೋಡಲು ಬರುತ್ತಾರೆ ಎಂಬ ಒಂದು ಮಾತನ್ನು ಇವಳು ಫೋನಿನಲ್ಲಿ ಹೇಳಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಶಿವಪ್ರಕಾಶರು ಸಾಲುಗಳ ಮಧ್ಯೆ ಓಡಾಡಿದರು. ಕಾಯಿ ಹಿಸುಕಿ ನೋಡಿದರು. ನಾನು ಕಿತ್ತ ಗುಣಿಗಳನ್ನು ತೋರಿಸಿದೆ, ಹಸಿ ಮಣ್ಣು ತೋರಿಸಿದೆ, ಆಡುಗಳನ್ನೂ ತೋರಿಸಿದೆ. ಕಮಲಾಕ್ಷಿ ಮೊಬೈಲಿನ ಫೋಟೋಗಳನ್ನು ತೆಗೆದು ಮುಂದೆ ಹಿಡಿದಳು. ಅವರು ಒಂದೊಂದನ್ನೂ ಗೌರವದಿಂದ ನೋಡಿ, ಫೋಟೋ ಯಾವ ಹೊಲದ್ದಾದರೂ ಆಗಬಹುದು ಎಂದು ನಿಯಮ ಹೇಳುತ್ತದೆ, ನಾನಲ್ಲ ಎಂದರು. ಕೊನೆಗೆ ಕೈ ಜೋಡಿಸಿದರು. "ಕಮಲಾಕ್ಷಿಯವರ, ಬೆಳಿ ಭಾಳ ಛಂದ ಐತ್ರಿ. ಆದ್ರ ಛಂದ ಬೆಳಿ ಎಲ್ಲಾ ಕಡೆನೂ ಐತಿ. ನಾ ಏನಂತ ಸಹಿ ಮಾಡ್ಲಿ?"

ನಾನು ಜಗಳಕ್ಕೆ ನಿಂತೆ. ಇಷ್ಟು ವರ್ಷದ ಕೆಲಸ, ಈ ಮಾರ್ಚಿಗೆ ಅವಳು ಮನೆಗೆ ಹೋಗುತ್ತಾಳೆ, ಯಾರ ಅಪ್ಪನ ಗಂಟು ಹೋಗುತ್ತದೆ ಎಂದು ಏನೇನೋ ಅಂದೆ. ಕಮಲಾಕ್ಷಿ ನನ್ನ ತೋಳು ಮುಟ್ಟಿ ಸುಮ್ಮನಾಗಿಸಿದಳು. ನನ್ನ ಗಲಾಟೆಯಿಂದ ಸುಗಲಮ್ಮನಿಗೆ ತಾನು ಮಾಡಿದ್ದು ಏನೆಂದು ಅರ್ಥವಾಗಿಬಿಟ್ಟಿತ್ತು. ತಂಬಿಗೆ ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು, ಗುಣಿಗಳ ಕಡೆ ನೋಡುತ್ತಾ ನಿಂತಿದ್ದಳು. ಬೈಸಿಕೊಳ್ಳಲು ನಿಂತವಳ ಹಾಗೆ ಕಂಡಳು.

ಕಮಲಾಕ್ಷಿ ಅವಳ ಹತ್ತಿರ ಹೋದಳು. ಇಬ್ಬರೂ ಅಕ್ಕಪಕ್ಕ ನಿಂತು ಹೊಲ ನೋಡಿದರು. "ಸುಗಲಮ್ಮ," ಎಂದಳು, "ಇಷ್ಟ್ ವರ್ಷದಾಗ ಇದನ್ನ ರೋಗ ಇಲ್ದ ನಾ ಒಮ್ಮಿನೂ ನೋಡಿದ್ದಿಲ್ಲ. ಇಷ್ಟ್ ಛಂದ ಐತಿ ಅಂತ ನನಗ ಗೊತ್ತ ಇದ್ದಿಲ್ಲ." ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಂಡಳು. ಅದು ನಿಜ. ಎಲ್ಲ ವರ್ಷವೂ ಅವಳು ಆ ತೊಗರಿಯನ್ನು ಗೊಡ್ಡಿನ ಮಧ್ಯೆಯೇ ನೋಡಿದ್ದಳು, ಮಚ್ಚೆ ಬಿತ್ತೇ ಬಿತ್ತೇ ಎಂದು ಹುಡುಕುವ ಕಣ್ಣಿನಿಂದಲೇ ನೋಡಿದ್ದಳು. ನಾನು ಮುಖ ಆಡುಗಳ ಕಡೆ ತಿರುಗಿಸಿಕೊಂಡೆ.

ಸುಗಲಮ್ಮ ಬಂದವರನ್ನು ಊಟವಿಲ್ಲದೆ ಕಳಿಸಲಿಲ್ಲ. ಬೇವಿನ ಕೆಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ತೊಗರಿಕಾಯಿಯ ಸಾರು. ಸಮಿತಿಯ ಉಳಿದವರು ಕೈ ತೊಳೆದು ಜೀಪಿನ ಕಡೆ ನಡೆದರು. ಶಿವಪ್ರಕಾಶರು ಹಿಂದುಳಿದರು. ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಸಾಲುಗಳ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಸುಗಲಮ್ಮನನ್ನು ಕೇಳಿದರು, ರಾಶಿಯಾದ ಮೇಲೆ ಇದರ ಬೀಜ ಒಂದಿಷ್ಟು ಕೊಡುತ್ತೀಯಾ ತಾಯಿ ಎಂದು. ರಾಯಚೂರು ಕಡೆ ಅವರ ತಮ್ಮನ ಹೊಲವಿದೆ, ಮೂರು ವರ್ಷದಿಂದ ಗೊಡ್ಡು ಬಿದ್ದು ಬಿದ್ದು ಹೈರಾಣಾಗಿದ್ದಾನಂತೆ.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಸಹಿ ಮಾಡಲು ಆಗದ ತಳಿ ತಮ್ಮನ ಹೊಲಕ್ಕೆ ಆಗುತ್ತದೆ! ಈ ಸಲ ನಾನು ಬಾಯಿ ತೆರೆಯುವ ಮೊದಲೇ ಸುಗಲಮ್ಮ ಉತ್ತರ ಕೊಟ್ಟಳು, ಬೆಳೆ ನನ್ನದು, ಬೀಜ ಅಕ್ಕಾವ್ರದು, ಅವರನ್ನೇ ಕೇಳಿ ಎಂದಳು.

ಶಿವಪ್ರಕಾಶರು ಕಮಲಾಕ್ಷಿಯ ಕಡೆ ತಿರುಗಿದರು. ಕಣ್ಣು ಎತ್ತಿ ನೋಡಲಿಲ್ಲ. ನಾನು ಮನಸ್ಸಿನಲ್ಲೇ, ಕೊಡಬೇಡ, ಒಂದು ಕಾಳೂ ಕೊಡಬೇಡ ಎಂದು ಕೂಗುತ್ತಿದ್ದೆ.

"ಕೊಡ್ತೀನ್ರಿ ಸರ್," ಎಂದಳು ನನ್ನ ಹೆಂಡತಿ. "ನಿಮ್ಮ ತಮ್ಮಗ ಒಂದ ಮಾತ್ ಹೇಳ್ರಿ. ನಡುವ ನಿಮ್ಮೂರ ತೊಗರಿದೂ ಒಂದ್ ಸಾಲ್ ಹಾಕ್ಲಿ. ಅದಕ್ಕ ಗೊಡ್ಡು ಬಿದ್ರ ಕೀಳಬ್ಯಾಡ ಅನ್ರಿ, ಯಾರ್ ಬಂದ್ರೂ ಕೀಳಬ್ಯಾಡ ಅನ್ರಿ. ನನಗ ಫೋನ್ ಮಾಡ್ರಿ. ಆಗ ನಾ ನೌಕರಿ ಒಳಗ ಇರಂಗಿಲ್ಲ, ಆದ್ರೂ ಬರ್ತೀನಿ. ನೀವೂ ಬರ್ರಿ. ಇಬ್ರೂ ನಿಂತು ನೋಡೂಣು."

ಶಿವಪ್ರಕಾಶರು ತಲೆ ತಗ್ಗಿಸಿಕೊಂಡೇ ಆಗಲಿ ಎಂದರು. ಬರ್ತೀನಿ ಎಂದಳಲ್ಲ, ಮಿಯಾಪುರದಿಂದ ರಾಯಚೂರಿನ ತನಕ ಕಾರು ಯಾರು ನಡೆಸಬೇಕು ಎಂದು ಒಬ್ಬರಾದರೂ ನನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ನಾನೇ ಎದ್ದು ಹೋಗಿ, ಅವರ ತಮ್ಮನ ಊರಿಗೆ ಯಾವ ದಾರಿ ಹಿಡಿಯಬೇಕು ಎಂದು ಅವರನ್ನು ಕೇಳಿಕೊಂಡೆ.